ಜಿಮ್ನಿ ಮೈಲೇಜ್: 80ರಲ್ಲಿ ಒಂದು ಲೆಕ್ಕ, 110ರಲ್ಲಿ ಇನ್ನೊಂದು

ಸುಜುಕಿ ಜಿಮ್ನಿ ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳಿದರೆ ಒಬ್ಬರು 17 ಅನ್ನುತ್ತಾರೆ, ಇನ್ನೊಬ್ಬರು 11 ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಹಿಡಿದು ಓಡಿಸಿದರೆ ಲೀಟರಿಗೆ 16-17ರ ಆಸುಪಾಸು ಕೊಡುವ ಇದೇ ಗಾಡಿ, 110ಕ್ಕೆ ಏರಿಸಿದರೆ 11-12ಕ್ಕೆ ಬಂದು ನಿಲ್ಲುತ್ತದೆ. ವೇಗ ಹೆಚ್ಚಿದಂತೆ ಮೈಲೇಜ್ ಇಳಿಯುವುದು ಎಲ್ಲ ಕಾರುಗಳ ಹಣೆಬರಹವೇ. ಆದರೆ ಜಿಮ್ನಿಯಲ್ಲಿ ಆ ಇಳಿತ ಬಲು ಕಡಿದು. ಯಾಕೆ ಹೀಗೆ ಅನ್ನುವುದು ಗೊತ್ತಿದ್ದರೆ ಗಾಡಿಯಿಂದ ಎಷ್ಟು ನಿರೀಕ್ಷಿಸಬೇಕು, ಯಾವಾಗ ಅನುಮಾನಪಡಬೇಕು ಎರಡೂ ತಿಳಿಯುತ್ತವೆ.

ಇಲ್ಲಿ ಮಾತಾಡುತ್ತಿರುವುದು 2018ರಲ್ಲಿ ಬಂದ ನಾಲ್ಕನೇ ತಲೆಮಾರಿನ ಗಾಡಿಯ ಬಗ್ಗೆ: 1.5 ಲೀಟರಿನ ಕೆ15ಬಿ ಪೆಟ್ರೋಲ್ ಎಂಜಿನ್, 5 ಗೇರಿನ ಮ್ಯಾನುಯಲ್ ಅಥವಾ 4 ಗೇರಿನ ಆಟೊಮ್ಯಾಟಿಕ್, 40 ಲೀಟರ್ ಟ್ಯಾಂಕ್. ಮೂರು ಬಾಗಿಲಿನದು, 2023ರಲ್ಲಿ ಬಂದ ಐದು ಬಾಗಿಲಿನದು ಎರಡಕ್ಕೂ ಇದೇ ಎಂಜಿನ್.

ಕಂಪನಿ ಕೊಟ್ಟ ಅಂಕಿಗಳನ್ನು ಓದುವ ಬಗೆ

ಐದು ಬಾಗಿಲಿನ ಮ್ಯಾನುಯಲ್ ಗಾಡಿಗೆ ಭಾರತದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ನಡೆಸುವ ಪರೀಕ್ಷೆಯ ಅಂಕಿ ಲೀಟರಿಗೆ 16.94 ಕಿ.ಮೀ., ಆಟೊಮ್ಯಾಟಿಕ್‌ಗೆ 16.39. ಮೂರು ಬಾಗಿಲಿನ ಮ್ಯಾನುಯಲ್‌ಗೆ ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಬಂದದ್ದು 100 ಕಿ.ಮೀ.ಗೆ 7.9 ಲೀಟರ್, ಅಂದರೆ ಲೀಟರಿಗೆ ಸುಮಾರು 12.7 ಕಿ.ಮೀ. ಅದರ ಆಟೊಮ್ಯಾಟಿಕ್‌ಗೆ 8.8 ಲೀಟರ್, ಅಂದರೆ 11.4 ಕಿ.ಮೀ. ಒಂದು ವಿಷಯ ಗಮನಿಸಿ: ಮೂರು ಬಾಗಿಲಿನ ಗಾಡಿ ಐದು ಬಾಗಿಲಿನದಕ್ಕಿಂತ ಸುಮಾರು 100 ಕೆ.ಜಿ. ಹಗುರ. ಹಗುರವಾದ ಗಾಡಿಗೇ ಕಡಿಮೆ ಅಂಕಿ ಬಂದಿದೆ! ಎಂಜಿನ್ ಬದಲಾಗಿಲ್ಲ, ಬದಲಾದದ್ದು ಪರೀಕ್ಷೆ.

ಎಆರ್‌ಎಐ ಪರೀಕ್ಷೆಯ ಓಟದಲ್ಲಿ ಗರಿಷ್ಠ ವೇಗವೇ 90 ಕಿ.ಮೀ. ವೇಗ ಏರಿಸುವುದೂ ಅಲ್ಲಿ ತೀರಾ ನಿಧಾನ. ಡಬ್ಲ್ಯುಎಲ್‌ಟಿಪಿಯಲ್ಲಿ 30 ನಿಮಿಷ, 23 ಕಿ.ಮೀ.ಗೂ ಹೆಚ್ಚು ದೂರ, ನಡುವೆ 131 ಕಿ.ಮೀ. ವೇಗದವರೆಗೂ ಹೋಗುತ್ತದೆ. ಜಿಮ್ನಿಗೆ ಏಟು ಬೀಳುವುದು ಅಲ್ಲೇ. ಹಾಗಾಗಿ ಎರಡನ್ನೂ ಎದುರುಬದುರು ಇಟ್ಟು ಒಂದನ್ನು ನಿಜ, ಇನ್ನೊಂದನ್ನು ಸುಳ್ಳು ಅನ್ನುವ ಬದಲು ಹೀಗೆ ಓದಿಕೊಳ್ಳಿ: 90ರ ಒಳಗೆ ನಯವಾಗಿ ಓಡಿಸಿದರೆ 16.94ರ ಹತ್ತಿರಕ್ಕೆ ಹೋಗಬಹುದು, ಹೆದ್ದಾರಿ ಮತ್ತು ಪಟ್ಟಣದ ಓಡಾಟ ಬೆರೆತರೆ 12-13 ಸಿಗುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ನಗರದಲ್ಲಿ ಏಸಿ ಹಾಕಿಕೊಂಡು 10-12 ಬಂದರೆ ಗಾಡಿ ಆರೋಗ್ಯವಾಗಿದೆ ಎಂದೇ ಅರ್ಥ.

ಡಬ್ಲ್ಯುಎಲ್‌ಟಿಪಿ ಪ್ರಕಾರ ಮ್ಯಾನುಯಲ್ ಜಿಮ್ನಿ ಕಿ.ಮೀ.ಗೆ 178 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಯುರೋಪಿನಲ್ಲಿ ಕಾರು ಕಂಪನಿಗಳ ಒಟ್ಟು ಸರಾಸರಿಗೆ 95 ಗ್ರಾಂ ಗುರಿ ಬಂದಾಗ ಈ ಗಾಡಿಯನ್ನು ಪ್ರಯಾಣಿಕರ ಕಾರಾಗಿ ಮಾರುವುದು ಕಷ್ಟವಾಯಿತು. 2021ರಲ್ಲಿ ಹಿಂದಿನ ಸೀಟು ತೆಗೆದು, ಎರಡೇ ಸೀಟಿನ ಸರಕು ವಾಹನವಾಗಿ ಅದು ಮರಳಿತು. 1.1 ಟನ್ನಿನ ಚಿಕ್ಕ ಗಾಡಿ ಇಷ್ಟು ಕುಡಿಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಐದನೇ ಗೇರಿನ ಗುಟ್ಟು

ಮಾಮೂಲಿ ಕಾರಿನಲ್ಲಿ ಐದನೇ ಗೇರ್ ಓವರ್‌ಡ್ರೈವ್, ಅಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಎಂಜಿನ್ನಿಗಿಂತ ವೇಗವಾಗಿ ತಿರುಗುತ್ತದೆ; ಅನುಪಾತ 0.75-0.8ರ ಆಸುಪಾಸು ಇರುತ್ತದೆ. ಜಿಮ್ನಿ ಮ್ಯಾನುಯಲ್‌ನಲ್ಲಿ ಐದನೇ ಗೇರಿನ ಅನುಪಾತ ಸರಿಯಾಗಿ 1.000. ಅದರ ಮೇಲೆ ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಅನುಪಾತ 4.090. ಟಯರ್ 195/80 ಆರ್15, ಅಂದರೆ ಎತ್ತರ 69.3 ಸೆಂ.ಮೀ., ಒಂದು ಸುತ್ತಿಗೆ ಸುಮಾರು 2.18 ಮೀಟರ್. ಗುಣಾಕಾರ ಮಾಡಿದರೆ 80ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,500 ಸುತ್ತು, 100ರಲ್ಲಿ 3,100-3,200, 110ರಲ್ಲಿ 3,450ರ ಆಸುಪಾಸು ತಿರುಗುತ್ತಿರುತ್ತದೆ. ಇನ್ನೊಂದು ಗೇರ್ ಇದೆಯೇನೋ ಎಂದು ಕೈ ತಾನಾಗಿ ಲಿವರ್ ಹುಡುಕುತ್ತದಲ್ಲ, ಅದಕ್ಕೆ ಇದೇ ಕಾರಣ. ಎಂಜಿನ್ನಿನ ಪ್ರತಿ ಸುತ್ತಿನಲ್ಲೂ ಪಿಸ್ಟನ್, ಬೇರಿಂಗ್, ಆಯಿಲ್ ಪಂಪ್‌ಗಳ ಘರ್ಷಣೆಗೆ ಪೆಟ್ರೋಲ್ ಖರ್ಚಾಗುತ್ತದೆ. ಸುತ್ತು ಹೆಚ್ಚಿದಷ್ಟೂ ಆ ದಂಡ ಹೆಚ್ಚು.

ಇದನ್ನು ವಿನ್ಯಾಸದ ತಪ್ಪು ಅನ್ನಲಾಗದು. ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 130 ನ್ಯೂಟನ್ ಮೀಟರಿನಷ್ಟೇ, ಅದೂ 4,000 ಸುತ್ತಿನಲ್ಲಿ. ಏರಿನಲ್ಲಿ ಕಲ್ಲು ದಾಟಬೇಕಾದ ಗಾಡಿಗೆ ಗಿಡ್ಡ ಗೇರುಗಳೇ ಬೇಕು. ಮೊದಲ ಗೇರ್ 4.425, ಡಿಫರೆನ್ಷಿಯಲ್ 4.090, ಹಿಂದೆ ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (4ಎಲ್) 2.002. ಮೂರನ್ನೂ ಗುಣಿಸಿದರೆ 36ಕ್ಕೆ 1. ಎಂಜಿನ್ 1,000 ಸುತ್ತಿನಲ್ಲಿದ್ದಾಗ ಗಾಡಿ ಗಂಟೆಗೆ 3.6 ಕಿ.ಮೀ., ಮನುಷ್ಯರ ನಡಿಗೆಗಿಂತ ನಿಧಾನ. ಕ್ಲಚ್ ಮುಟ್ಟದೆ, ಬ್ರೇಕ್ ಒತ್ತದೆ ಕಡಿದಾದ ಇಳಿಜಾರು ಇಳಿಸುವ ಸಾಮರ್ಥ್ಯ ಬರುವುದು ಇಲ್ಲಿಂದ. ಹೆದ್ದಾರಿಯಲ್ಲಿ ಕಳೆದುಕೊಂಡದ್ದು ಇಲ್ಲಿ ಸಿಕ್ಕಿದೆ.

ಗೇರಿನ ಜೊತೆಗೆ ಗಾಳಿ. ಮುಂಭಾಗ ನೆಟ್ಟಗಿನ ಗೋಡೆ, ವಿಂಡ್‌ಶೀಲ್ಡ್ ಹೆಚ್ಚುಕಡಿಮೆ ನೇರ, ಎತ್ತರ 1.7 ಮೀಟರ್ ದಾಟುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇರುವ ತಡೆಯನ್ನು 1 ಎಂದಿಟ್ಟುಕೊಂಡರೆ 100ರಲ್ಲಿ 1.56, 110ರಲ್ಲಿ 1.89. ಗಾಳಿಯನ್ನು ಸೀಳಿಕೊಂಡು ಹೋಗುವ ಸೆಡಾನ್‌ಗೆ ಈ ಹೆಚ್ಚಳ ಸಣ್ಣದು, ಡಬ್ಬಿಯಾಕಾರದ ಗಾಡಿಗೆ ದೊಡ್ಡದು. ಇದರ ಮೇಲೆ ರೂಫ್ ರ್‍ಯಾಕ್, ಟೆಂಟ್, ಲೈಟ್ ಬಾರ್ ಏರಿಸಿದರೆ ಹೆದ್ದಾರಿಯಲ್ಲಿ ಲೀಟರಿಗೆ 1ರಿಂದ 2 ಕಿ.ಮೀ. ಸುಲಭವಾಗಿ ಕೈಬಿಡುತ್ತದೆ. ಖಾಲಿ ರ್‍ಯಾಕ್ ಕೂಡ ಗಾಳಿ ಹಿಡಿಯುತ್ತದೆ, ಪ್ರಯಾಣ ಮುಗಿದ ಮೇಲೆ ಬಿಚ್ಚಿಡಿ.

ಲೋಹದ ಬಂಪರ್, ವಿಂಚ್, ಸ್ಕಿಡ್ ಪ್ಲೇಟ್ ಎಲ್ಲ ಸೇರಿ 100 ಕೆ.ಜಿ. ಆಗುವುದು ಕಷ್ಟವೇನಲ್ಲ. ಎರಡೂವರೆ ಟನ್ನಿನ ಗಾಡಿಗೆ ಅದು 4 ಶೇಕಡಾ, ಜಿಮ್ನಿಗೆ 8-9 ಶೇಕಡಾ. ಸಮನಾದ ವೇಗದಲ್ಲಿ ಓಡುವಾಗ ಈ ಭಾರ ಅಷ್ಟಾಗಿ ಕಾಡುವುದಿಲ್ಲ; ನಿಂತು ಹೊರಡುವ ಪ್ರತಿ ಸಲವೂ, ಪ್ರತಿ ಏರಿನಲ್ಲೂ ಕಾಡುತ್ತದೆ.

ನಾಲ್ಕು ಚಕ್ರಕ್ಕೂ ಎಳೆತ ಹೋದಾಗ

ಜಿಮ್ನಿಯದು ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್. 2ಎಚ್‌ನಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. 4ಎಚ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಳ್ಳುತ್ತವೆ. ನಡುವೆ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಮಣ್ಣು, ಮರಳು, ಕೆಸರಿನಲ್ಲಿ ಟಯರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಶಾಫ್ಟುಗಳು ತಿರುಚಿಕೊಂಡು ಬಿಗಿಯುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಟಯರ್ ಸವೆಯುತ್ತದೆ, ಪೆಟ್ರೋಲ್ ಸುಮ್ಮನೆ ಶಾಖವಾಗಿ ಹೋಗುತ್ತದೆ. ಕೆಸರು ದಾಟಿ ಡಾಂಬರಿಗೆ ಹತ್ತಿದ ತಕ್ಷಣ ಲಿವರ್ 2ಎಚ್‌ಗೆ ಬರಬೇಕು. ಮೀಟರಿನಲ್ಲಿ ಹಸಿರು 4ಡಬ್ಲ್ಯುಡಿ ದೀಪ ಆರಿದೆಯೇ ನೋಡಿಕೊಳ್ಳಿ. ಲಿವರ್ ಬಂದರೂ ದೀಪ ಆರದಿದ್ದರೆ ಶಾಫ್ಟಿನ ಬಿಗಿ ಇನ್ನೂ ಬಿಟ್ಟಿಲ್ಲ ಎಂದರ್ಥ. ಸ್ಟೀರಿಂಗ್ ನೇರ ಇಟ್ಟು ಕೆಲವು ಮೀಟರ್ ಮುಂದೆ, ಕೆಲವು ಮೀಟರ್ ಹಿಂದೆ ಓಡಿಸಿದರೆ ಬಿಡುತ್ತದೆ.

2ಎಚ್‌ನಲ್ಲಿ ಮೈಲೇಜ್ ಉಳಿಯುವುದಕ್ಕೆ ಇನ್ನೊಂದು ಭಾಗ ಸರಿಯಾಗಿ ಕೆಲಸ ಮಾಡಬೇಕು: ಮುಂದಿನ ಚಕ್ರಗಳನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಹಬ್. ಇವು ವ್ಯಾಕ್ಯೂಮ್‌ನಿಂದ ನಡೆಯುತ್ತವೆ. 2ಎಚ್‌ನಲ್ಲಿ ಹಬ್ ಬಿಟ್ಟುಕೊಂಡಾಗ ಮುಂದಿನ ಚಕ್ರ ಮಾತ್ರ ತಿರುಗುತ್ತದೆ. ಆಕ್ಸಲ್ ಶಾಫ್ಟ್, ಮುಂದಿನ ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಸುಮ್ಮನಿರುತ್ತವೆ. ಹಬ್ ಅಂಟಿಕೊಂಡರೆ ಅವೆಲ್ಲವೂ ದಪ್ಪನೆಯ ಗೇರ್ ಆಯಿಲ್ ಕಲಕುತ್ತ ನೂರಾರು ಕಿ.ಮೀ. ಸುಮ್ಮನೆ ತಿರುಗುತ್ತಿರುತ್ತವೆ. ಗಾಡಿ ಎಳೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೈಲೇಜ್ ಮಾತ್ರ ಕುಸಿದಿರುತ್ತದೆ, ಮುಂಭಾಗದಿಂದ ಸಣ್ಣ ಗೊಂಯ್‌ಗುಟ್ಟುವ ಸದ್ದು ಕೇಳಬಹುದು.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, 2ಎಚ್‌ಗೆ ಹಾಕಿ, ದೀಪ ಆರಿದ್ದು ನೋಡಿ ಎಂಜಿನ್ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಮುಂದಿನ ಒಂದು ಚಕ್ರವನ್ನು ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಇಟ್ಟು ಕೈಯಿಂದ ತಿರುಗಿಸಿ. ಬ್ರೇಕ್ ಪ್ಯಾಡ್ ಉಜ್ಜುವ ಸಣ್ಣ ಸದ್ದು ಬಿಟ್ಟರೆ ಹಗುರವಾಗಿ ತಿರುಗಬೇಕು, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಅಲುಗಬಾರದು. ಒಳಗೆ ಗೇರ್ ತಿರುಗುತ್ತಿರುವ ಭಾರ ಕೈಗೆ ತಿಳಿದರೆ ಅಥವಾ ಶಾಫ್ಟ್ ಜೊತೆಗೇ ತಿರುಗಿದರೆ ಆ ಬದಿಯ ಹಬ್ ಬಿಟ್ಟಿಲ್ಲ. ಇನ್ನೊಂದು ಬದಿಯನ್ನೂ ಹಾಗೇ ನೋಡಿ. ಕಾರಣ ಹೆಚ್ಚಾಗಿ ಹರಿದ ವ್ಯಾಕ್ಯೂಮ್ ಟ್ಯೂಬ್, ಸೋರುವ ಸೀಲ್, ಅಥವಾ ನೀರು ದಾಟಿದ ಮೇಲೆ ಒಳಗೆ ಸೇರಿದ ಕೆಸರು. ಬಹಳ ಜನ ಕೈಯಲ್ಲೇ ತಿರುಗಿಸುವ ಮ್ಯಾನುಯಲ್ ಹಬ್ ಹಾಕಿಸುವುದು ಈ ತಲೆನೋವಿಗೇ. ಅವುಗಳಲ್ಲಿ ಪ್ರತಿ ಸಲ ಇಳಿದು ಎರಡೂ ಬದಿ ಫ್ರೀಗೆ ತಿರುಗಿಸುವುದು ಮರೆತರೆ ಪರಿಸ್ಥಿತಿ ಮೊದಲಿನದೇ.

4ಎಲ್‌ನಲ್ಲಿ ಲೀಟರಿಗೆ ಎಷ್ಟು ಕಿ.ಮೀ. ಎಂದು ನೋಡುವುದರಲ್ಲಿ ಅರ್ಥವಿಲ್ಲ. ನಡಿಗೆಯ ವೇಗದಲ್ಲಿ 3-4 ಬಂದರೂ ಅದು ಸಹಜ. ಅಲ್ಲಿ ಗಂಟೆಯ ಲೆಕ್ಕ ಹಿಡಿಯಿರಿ: ಕಲ್ಲು, ಗಟ್ಟಿ ಮಣ್ಣಿನ ಏರಿಳಿತಕ್ಕೆ ಗಂಟೆಗೆ 2-3 ಲೀಟರ್, ಆಳ ಮರಳಿಗೆ ಅದರ ದುಪ್ಪಟ್ಟು. 40 ಲೀಟರ್ ಟ್ಯಾಂಕಿನಲ್ಲಿ 5 ಲೀಟರನ್ನು ಮುಟ್ಟದೆ ಬಿಟ್ಟರೆ ಕೈಯಲ್ಲಿರುವುದು 35. ಆರು ಗಂಟೆ 4ಎಲ್ ಓಡಾಟಕ್ಕೆ 18 ಲೀಟರ್ ಹೋದರೆ ಉಳಿದ 17ರಲ್ಲಿ, ಲೀಟರಿಗೆ 12ರಂತೆ, 200 ಕಿ.ಮೀ. ಮಾತ್ರ. ಹೋಗಿ ಬರುವ ದಾರಿ ಅದಕ್ಕಿಂತ ಉದ್ದವಿದ್ದರೆ ಬಂಕ್ ಎಲ್ಲಿದೆ ಎಂದು ಹೊರಡುವ ಮೊದಲೇ ಗೊತ್ತಿರಬೇಕು. ಜಿಮ್ನಿಯ ನಿಜವಾದ ಕೊರತೆ ಎಂದರೆ ನನ್ನ ಮಟ್ಟಿಗೆ ಈ ಚಿಕ್ಕ ಟ್ಯಾಂಕ್, ಮೈಲೇಜ್ ಆಮೇಲಿನದು. ಐದು ಬಾಗಿಲಿನ ಗಾಡಿ ಉದ್ದ ಮಾಡುವಾಗಲಾದರೂ ಟ್ಯಾಂಕನ್ನು 50 ಲೀಟರ್ ಮಾಡಬೇಕಿತ್ತು.

ಇಳಿಜಾರಿನಲ್ಲಿ ಒಂದು ಲಾಭ ಇದೆ. ಗೇರಿನಲ್ಲೇ ಇಟ್ಟು ಆಕ್ಸಲರೇಟರ್ ಬಿಟ್ಟರೆ, ಎಂಜಿನ್ ಐಡಲ್ ವೇಗಕ್ಕಿಂತ ಮೇಲಿರುವ ತನಕ ಇಂಜೆಕ್ಟರುಗಳು ಪೆಟ್ರೋಲ್ ನಿಲ್ಲಿಸಿಬಿಡುತ್ತವೆ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಉಳಿತಾಯವಾಯಿತು ಅಂದುಕೊಳ್ಳುವವರು ವಾಸ್ತವದಲ್ಲಿ ಐಡಲ್‌ಗೆ ಪೆಟ್ರೋಲ್ ಸುಡುತ್ತಿರುತ್ತಾರೆ, ಜೊತೆಗೆ ಬ್ರೇಕನ್ನೂ ಕಾಯಿಸುತ್ತಿರುತ್ತಾರೆ.

ಟಯರ್ ಬದಲಿಸಿದ ಮೇಲೆ ಮೀಟರ್ ಹೇಳುವ ಸುಳ್ಳು

ದೊಡ್ಡ ಟಯರ್ ಹಾಕಿಸಿ ಮೈಲೇಜ್ ಬಿದ್ದುಹೋಯಿತು ಅನ್ನುವ ದೂರಿನಲ್ಲಿ ಒಂದು ಪಾಲು ಲೆಕ್ಕದ ತಪ್ಪು. 235/75 ಆರ್15 ಟಯರಿನ ಎತ್ತರ 73.35 ಸೆಂ.ಮೀ., ಮೂಲ ಟಯರಿಗಿಂತ 5.8 ಶೇಕಡಾ ಹೆಚ್ಚು. ಮೀಟರ್ 100 ಕಿ.ಮೀ. ತೋರಿಸಿದಾಗ ಗಾಡಿ ಸುಮಾರು 105.8 ಕಿ.ಮೀ. ಓಡಿರುತ್ತದೆ. ಮೀಟರ್ ನಂಬಿ 12 ಎಂದು ಬಂದರೆ ನಿಜವಾದದ್ದು 12.7. 215/75 ಆರ್15 ಆದರೆ ವ್ಯತ್ಯಾಸ ಬರೀ 1.5 ಶೇಕಡಾ, ಮರೆತುಬಿಡಬಹುದು.

ಉಳಿದ ಪಾಲು ನಿಜವಾದ ನಷ್ಟವೇ. ಮಡ್ ಟೆರೇನ್ ಟಯರಿನ ದಪ್ಪ ಕಟ್ಟೆಗಳು ರಸ್ತೆಯಲ್ಲಿ ಬಾಗಿ ಏಳುತ್ತ ಶಕ್ತಿ ನುಂಗುತ್ತವೆ, ಪ್ರತಿ ಟಯರ್ ಕೆಲವು ಕೆ.ಜಿ. ಹೆಚ್ಚು ತೂಗುತ್ತದೆ. ಎತ್ತರ ಹೆಚ್ಚಿದ್ದರಿಂದ ಐದನೇ ಗೇರಿನಲ್ಲಿ ಸುತ್ತು ಕಡಿಮೆಯಾಗುತ್ತದೆ ನಿಜ, ಆದರೆ ಎಳೆಯುವ ಬಲ ಸಾಲದೆ ಸಣ್ಣ ಏರಿಗೂ ನಾಲ್ಕನೇ ಗೇರಿಗೆ ಇಳಿಸಬೇಕಾಗುತ್ತದೆ. ವಾರಕ್ಕೊಮ್ಮೆ ಕಾಡುದಾರಿ ಹಿಡಿಯುವವರಿಗೆ 215 ಅಗಲದ ಆಲ್ ಟೆರೇನ್ ಸಾಕು.

ಮರಳಿಗೆ ಇಳಿಯುವಾಗ ಗಾಳಿಯನ್ನು 15-18 ಪಿಎಸ್‌ಐಗೆ ಇಳಿಸುವುದು ಸರಿಯಾದ ಪದ್ಧತಿ. ಹೊರಬಂದ ಮೇಲೆ ಮತ್ತೆ ತುಂಬಿಸದೆ ಡಾಂಬರಿನಲ್ಲಿ ಓಡಿಸುವುದು ತಪ್ಪು. ಮೈಲೇಜ್ ಹಾಳು, ಅದಕ್ಕಿಂತ ಹೆಚ್ಚಾಗಿ ಟಯರಿನ ಪಕ್ಕೆ ಕಾದು ಒಡೆಯುವ ಅಪಾಯ. ಎಷ್ಟು ತುಂಬಿಸಬೇಕು ಎಂಬುದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ. ಟಯರ್ ತಣ್ಣಗಿರುವಾಗಿನ ಅಂಕಿ ಅದು.

ಅಳೆಯುವುದು ಹೇಗೆ

ಡ್ಯಾಶ್‌ಬೋರ್ಡಿನ ಅಂಕಿ ಗೇರ್ ಬದಲಿಸುವ ಅಭ್ಯಾಸ ತಿದ್ದಿಕೊಳ್ಳಲು ಚೆನ್ನ, ಲೆಕ್ಕಕ್ಕೆ ಅಲ್ಲ. ಟ್ಯಾಂಕ್ ಫುಲ್ ಮಾಡಿ ಅಳೆಯಿರಿ, ಆದರೆ ಕ್ರಮವಾಗಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್, ಗಾಡಿ ಒಂದೇ ದಿಕ್ಕಿಗೆ ಮುಖ. ನಾಝಲ್ ಮೊದಲ ಸಲ ಟಕ್ ಎಂದು ಕಟ್ ಆದಾಗ ನಿಲ್ಲಿಸಿ. ಮತ್ತೆ ಒತ್ತಿ ಒತ್ತಿ ರೌಂಡ್ ಮಾಡಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕನಿಷ್ಠ 300 ಕಿ.ಮೀ. ಓಡಿಸಿ, ಬಂದು ಹಾಗೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಕಟ್ ಆಗುವ ಹಂತದಲ್ಲಿ 1 ಲೀಟರ್ ಹೆಚ್ಚುಕಡಿಮೆಯಾದರೂ 20 ಲೀಟರಿಗೆ 5 ಶೇಕಡಾ ತಪ್ಪು ಬರುತ್ತದೆ. ಹಾಗಾಗಿ ಮೂರು ಸಲದ ಕಿ.ಮೀ. ಕೂಡಿಸಿ, ಮೂರು ಸಲದ ಲೀಟರ್ ಕೂಡಿಸಿ ಭಾಗಿಸಿ. 5 ಲೀಟರ್ ಹಾಕಿಸಿ 50 ಕಿ.ಮೀ. ಓಡಿಸಿ ಹೇಳುವ ಮೈಲೇಜಿಗೆ ಬೆಲೆ ಇಲ್ಲ.

ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. 10 ಶೇಕಡಾ ಬೆರೆತರೆ ಒಟ್ಟು ಶಕ್ತಿ ಸುಮಾರು 3 ಶೇಕಡಾ, 20 ಬೆರೆತರೆ 6-7 ಶೇಕಡಾ ಇಳಿಯುತ್ತದೆ. ಹಳೆಯ ಲೆಕ್ಕದ ಪಕ್ಕ ಹೊಸದನ್ನು ಇಡುವಾಗ ಇದು ನೆನಪಿರಲಿ.

ಮೈಲೇಜ್ ಏಕಾಏಕಿ ಬಿದ್ದರೆ

ಏರ್ ಫಿಲ್ಟರ್ ಮೇಲೆ ಎಲ್ಲರೂ ಮೊದಲು ಕೈ ಇಡುತ್ತಾರೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಹೋಗುತ್ತದೆ. ಒಳಗೆ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬಿಡುವುದರಿಂದ ಮೈಲೇಜ್ ಮೇಲೆ ಪರಿಣಾಮ ಕಡಿಮೆ. ಧೂಳಿನ ದಾರಿಯಲ್ಲಿ ಓಡಾಡಿದ ಮೇಲೆ ಬದಲಿಸಿ, ಎಂಜಿನ್ ಉಳಿಯಲಿ ಎಂದು. ಕುಸಿದ ಮೈಲೇಜಿಗೆ ಕಾರಣ ಹುಡುಕಬೇಕಾದದ್ದು ಬೇರೆ ಕಡೆ.

ಮೊದಲು ಬ್ರೇಕ್. ಕೆಸರಿನಲ್ಲಿ ಆಡಿದ ಗಾಡಿಯ ಕ್ಯಾಲಿಪರ್ ಪಿನ್ನುಗಳು ಹಿಡಿದುಕೊಳ್ಳುತ್ತವೆ, ಹಿಂದಿನ ಡ್ರಮ್ಮಿನೊಳಗೆ ಮಣ್ಣು ಒಣಗಿ ಶೂ ಪೂರ್ತಿ ಹಿಂದೆ ಸರಿಯುವುದಿಲ್ಲ. ಹತ್ತು ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಪೆಟ್ರೋಲ್ ಅಲ್ಲೇ ಹೋಗುತ್ತಿದೆ. ಎರಡನೆಯದು ಥರ್ಮೋಸ್ಟಾಟ್. ಅದು ತೆರೆದೇ ಉಳಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಇಸಿಯು ತಣ್ಣನೆಯ ಎಂಜಿನ್ ಎಂದೇ ತಿಳಿದು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಬಹಳ ಹೊತ್ತು ಓಡಿದ ಮೇಲೂ ಹೀಟರಿನಿಂದ ಉಗುರುಬೆಚ್ಚನೆ ಗಾಳಿ ಬಂದರೆ ಇದನ್ನೇ ನೋಡಿಸಿ. ಮೂರನೆಯದು ಆಕ್ಸಿಜನ್ ಸೆನ್ಸರ್. ಚೆಕ್ ಎಂಜಿನ್ ದೀಪ ಬರುವ ಮೊದಲೂ ಅದು ಮಂದವಾಗಿರಬಹುದು, ಸ್ಕ್ಯಾನರ್ ಹಾಕಿದರೆ ಗೊತ್ತಾಗುತ್ತದೆ. ನೀರು ದಾಟಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ತೆಗೆದು ನೋಡಿ. ಹಾಲು ಬೆರೆತಂತಿದ್ದರೆ ಬ್ರೀದರ್ (ಗಾಳಿಯಾಡುವ ಕೊಳವೆ) ಮೂಲಕ ನೀರು ಒಳಗೆ ಹೋಗಿದೆ. ಕೂಡಲೇ ಬದಲಿಸದಿದ್ದರೆ ಕಳೆದುಕೊಳ್ಳುವುದು ಮೈಲೇಜನ್ನಲ್ಲ, ಬೇರಿಂಗನ್ನು.

ಮ್ಯಾನುಯಲ್ಲೋ, ಆಟೊಮ್ಯಾಟಿಕ್ಕೋ

ಆಟೊಮ್ಯಾಟಿಕ್‌ನ ನಾಲ್ಕನೇ ಗೇರ್ ಓವರ್‌ಡ್ರೈವ್ ಆದ್ದರಿಂದ ಹೆದ್ದಾರಿಯಲ್ಲಿ ಎಂಜಿನ್ ಮ್ಯಾನುಯಲ್‌ಗಿಂತ ನಿಧಾನವಾಗಿ ತಿರುಗುತ್ತದೆ, ಸದ್ದೂ ಕಡಿಮೆ. ಹಾಗಿದ್ದರೂ ಡಬ್ಲ್ಯುಎಲ್‌ಟಿಪಿಯಲ್ಲಿ ಅದು 0.9 ಲೀಟರ್ ಹೆಚ್ಚು ಕುಡಿಯುತ್ತದೆ. ಕ್ಲಚ್ ಬದಲಿಗೆ ಆಯಿಲ್ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಜಾರುವಲ್ಲಿ ಶಕ್ತಿ ಸೋರುತ್ತದೆ, ನಾಲ್ಕೇ ಗೇರುಗಳ ನಡುವೆ ದೊಡ್ಡ ಅಂತರವಿದೆ, ಸಣ್ಣ ಏರಿಗೂ ಗೇರ್ ಇಳಿದು ಎಂಜಿನ್ ಕೂಗುತ್ತದೆ. ನಗರದಲ್ಲೇ ಹೆಚ್ಚು ಓಡಾಟ, ಕಾಲಿಗೆ ಆರಾಮ ಬೇಕು ಅನ್ನುವವರು ಲೀಟರಿಗೆ ಒಂದು ಕಿ.ಮೀ. ಬಿಟ್ಟುಕೊಟ್ಟು ಅದನ್ನೇ ತೆಗೆದುಕೊಳ್ಳಲಿ. ಉಳಿದವರಿಗೆ ಮ್ಯಾನುಯಲ್: 2,000-2,500 ಸುತ್ತಿನೊಳಗೆ ಗೇರ್ ಮೇಲೇರಿಸಿ, 80-85ರಲ್ಲಿ ಹಿಡಿದರೆ ಲ್ಯಾಡರ್ ಫ್ರೇಮ್, ಎರಡು ಗಟ್ಟಿ ಆಕ್ಸಲ್, ಲೋ ರೇಂಜ್ ಇರುವ ಗಾಡಿಯಿಂದ 15-16 ಬರುವುದು ಒಳ್ಳೆಯ ಮೈಲೇಜೇ. ದಿನವೂ ಹೆದ್ದಾರಿಯಲ್ಲಿ 110-120ರಲ್ಲಿ ನೂರಾರು ಕಿ.ಮೀ. ಹೋಗುವವರು, ಕಾಡುದಾರಿ ವರ್ಷಕ್ಕೊಮ್ಮೆ ಹಿಡಿಯುವವರು ಈ ಗಾಡಿ ತೆಗೆದುಕೊಳ್ಳಬೇಡಿ. ಪ್ರತಿ ಟ್ಯಾಂಕಿಗೆ 400 ಕಿ.ಮೀ. ಒಳಗೇ ಬಂಕ್ ಹುಡುಕುತ್ತಿರುತ್ತೀರಿ.